ಒಂದೇ ಡೋಸಿಗೆ ವಾಸಿಯಾಗುತ್ತದಂತೆ, ಹೌದಾ?

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಸೈಕೆಡೆಲಿಕ್ ಚಿಕಿತ್ಸೆಯ (ಮನಸ್ಸಿನ ಗ್ರಹಿಕೆಯನ್ನೇ ಕೆಲವು ಗಂಟೆ ಬದಲಿಸುವ ಮದ್ದುಗಳ ಚಿಕಿತ್ಸೆ) ಬಗ್ಗೆ ಬಂದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಉತ್ತರ ಬರೆದವರು ಒಬ್ಬರು ಮನೋವೈದ್ಯರು, ಇನ್ನೊಬ್ಬರು ರೋಗಿಗಳ ಮನೆಯವರ ಜೊತೆ ಕೆಲಸ ಮಾಡುವ ಸಮಾಜ ಕಾರ್ಯಕರ್ತೆ. ಪತ್ರ ಬರೆದವರ ಗುರುತು ಸಿಗುವ ವಿವರಗಳನ್ನು ತೆಗೆದಿದ್ದೇವೆ.

ಪತ್ರಗಳಲ್ಲಿ ನಾಲ್ಕು ಹೆಸರು ಮತ್ತೆ ಮತ್ತೆ ಬರುತ್ತವೆ. ಸೈಲೊಸೈಬಿನ್ ಕೆಲವು ಜಾತಿಯ ಅಣಬೆಗಳಲ್ಲಿರುವ ರಾಸಾಯನಿಕ. ಎಲ್‌ಎಸ್‌ಡಿ ಮತ್ತು ಎಂಡಿಎಂಎ ಪ್ರಯೋಗಾಲಯದಲ್ಲಿ ಹುಟ್ಟಿದವು. ಕೆಟಮಿನ್ ಆಪರೇಷನ್ ಥಿಯೇಟರಿನ ಅರಿವಳಿಕೆ ಮದ್ದು. ಈ ನಾಲ್ಕರಲ್ಲಿ ನಮ್ಮ ದೇಶದ ವೈದ್ಯರು ರೋಗಿಗೆ ಬರೆದುಕೊಡಬಹುದಾದದ್ದು ಕೆಟಮಿನ್ ಒಂದೇ.

ಪ್ರಶ್ನೆ: ಮಗನಿಗೆ 26 ವರ್ಷ. ಡಿಪ್ರೆಶನ್ ಅಂತ ನಾಲ್ಕು ವರ್ಷದಿಂದ ಮಾತ್ರೆ ತಗೊಳ್ತಿದ್ದಾನೆ, ಎರಡು ಸಲ ಮಾತ್ರೆ ಬದಲಾಯ್ತು. ಈಗ ಮೊಬೈಲಿನಲ್ಲಿ ನೋಡಿ, ಅಣಬೆಯ ಮದ್ದು ಒಂದೇ ಡೋಸಿಗೆ ವಾಸಿ ಮಾಡುತ್ತೆ, ನನಗೆ ಅದೇ ಬೇಕು ಅಂತಾನೆ. ಯಜಮಾನರು "ಡ್ರಗ್ಸ್ ಮಾತು ಈ ಮನೇಲಿ ಎತ್ತಬೇಡ" ಅಂತ ರೇಗಿದರು. ಆವತ್ತಿನಿಂದ ಊಟಕ್ಕೂ ಜೊತೆಗೆ ಕೂರಲ್ಲ. ಏನು ಮಾಡಲಿ? — ತಾಯಿ, ಸಕಲೇಶಪುರ ತಾಲ್ಲೂಕು

ಉತ್ತರ: ತಾಯಿ, ನಿಮ್ಮ ಮಗ ನೋಡಿದ ಸುದ್ದಿ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಮೊದಲು ಅಂಕಿ ನೋಡೋಣ. ಮಾತ್ರೆಗಳಿಗೆ ಬಗ್ಗದ ಖಿನ್ನತೆ ಇದ್ದ 233 ಜನರಿಗೆ ಸೈಲೊಸೈಬಿನ್ ಕೊಟ್ಟು ನಡೆಸಿದ ಅಧ್ಯಯನ 2022ರ ನವೆಂಬರಿನಲ್ಲಿ ಪ್ರಕಟವಾಯಿತು. ಕೆಲವರಿಗೆ 25 ಮಿ.ಗ್ರಾಂ, ಕೆಲವರಿಗೆ 10, ಕೆಲವರಿಗೆ ಬರೀ 1 ಮಿ.ಗ್ರಾಂ. ಮೂರು ವಾರ ಆದಮೇಲೆ, 25 ಮಿ.ಗ್ರಾಂ ತೆಗೆದುಕೊಂಡವರಲ್ಲಿ ನೂರಕ್ಕೆ 37 ಜನರಿಗೆ ರೋಗಲಕ್ಷಣ ಅರ್ಧಕ್ಕರ್ಧ ಇಳಿದಿತ್ತು. 1 ಮಿ.ಗ್ರಾಂ ತೆಗೆದುಕೊಂಡವರಲ್ಲಿ ಹಾಗೆ ಇಳಿದದ್ದು ನೂರಕ್ಕೆ 18 ಜನರಿಗೆ. ಆ ಸುಧಾರಣೆ 12 ವಾರದವರೆಗೂ ನಿಂತದ್ದು 25 ಮಿ.ಗ್ರಾಂ ಗುಂಪಿನಲ್ಲೂ ನೂರಕ್ಕೆ 20 ಜನರಲ್ಲಿ ಮಾತ್ರ. ಉಪಯೋಗ ಇದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಐದರಲ್ಲಿ ನಾಲ್ಕು ಜನರಿಗೆ ಒಂದು ಡೋಸಿನ ಫಲ ಮೂರು ತಿಂಗಳು ಉಳಿಯಲಿಲ್ಲ ಎನ್ನುವುದು ಮೊಬೈಲಿನ ವಿಡಿಯೊದಲ್ಲಿ ಬರುವುದಿಲ್ಲ. ತಲೆನೋವು, ವಾಕರಿಕೆ ಸಾಮಾನ್ಯವಾಗಿತ್ತು; ಸಾಯುವ ಯೋಚನೆ ಬಂದವರು ಮೂರು ಗುಂಪಿನಲ್ಲೂ ಇದ್ದರು.

"ಒಂದೇ ಡೋಸ್" ಎನ್ನುವ ಮಾತೂ ಅರ್ಧ ಸತ್ಯ. ಅಲ್ಲಿ ನಡೆಯುವುದು ಹೀಗೆ: ಮೊದಲೇ ಹಲವು ಗಂಟೆ ಕೂತು ಮಾತಾಡಿ ತಯಾರಿ. ಡೋಸಿನ ದಿನ ಕಣ್ಣಿಗೆ ಪಟ್ಟಿ ಕಟ್ಟಿ, ಮೆಲ್ಲನೆಯ ಸಂಗೀತ ಹಾಕಿ, ತರಬೇತಾದವರು ಆರರಿಂದ ಎಂಟು ಗಂಟೆ ಪಕ್ಕದಲ್ಲೇ ಕೂರುತ್ತಾರೆ. ಮಾರನೆಯ ದಿನ ಮತ್ತು ನಂತರದ ವಾರಗಳಲ್ಲಿ ಕಂಡದ್ದನ್ನು, ಅನಿಸಿದ್ದನ್ನು ಕುರಿತು ಮತ್ತೆ ಮಾತುಕತೆ. ಅಣಬೆ ನುಂಗಿ ಕೋಣೆಯ ಬಾಗಿಲು ಹಾಕಿಕೊಳ್ಳುವುದಕ್ಕೂ ಇದಕ್ಕೂ ಅಜಗಜಾಂತರ.

ಇನ್ನು ನಿಮ್ಮ ಯಜಮಾನರ ಮಾತು. ಅವರ ಭಯ ದಡ್ಡತನದ್ದಲ್ಲ. ಸೈಲೊಸೈಬಿನ್, ಎಲ್‌ಎಸ್‌ಡಿ, ಎಂಡಿಎಂಎ ಮೂರೂ ಮಾದಕ ವಸ್ತುಗಳನ್ನು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿವೆ. ಎಲ್‌ಎಸ್‌ಡಿಯಲ್ಲಿ 0.1 ಗ್ರಾಂ ದಾಟಿದರೇ ವಾಣಿಜ್ಯ ಪ್ರಮಾಣ, 10ರಿಂದ 20 ವರ್ಷ ಜೈಲು. ಯಾರೋ ಕೊರಿಯರಿನಲ್ಲಿ ಕಳಿಸುತ್ತೇನೆ ಎಂದರೆ ಹುಡುಗನ ಬದುಕೇ ಕೋರ್ಟಿನ ಮೆಟ್ಟಿಲು ಹತ್ತುತ್ತದೆ. ಇದನ್ನು ಅವನಿಗೆ ನೇರವಾಗಿ ಹೇಳಬೇಕು. ಹೇಳುವ ರೀತಿ ಮಾತ್ರ ಬೇರೆ ಇರಲಿ. ಮಾತು ಎತ್ತಬೇಡ ಅಂದರೆ ಅವನು ಆಸೆ ಬಿಡುವುದಿಲ್ಲ, ನಿಮಗೆ ಹೇಳುವುದನ್ನು ಬಿಡುತ್ತಾನೆ.

ಒಂದು ದಿನ ಅವನು ಒಬ್ಬನೇ ಇರುವಾಗ, ಕಾಫಿ ಲೋಟ ಕೈಗೆ ಕೊಟ್ಟು, ಒಂದೇ ಒಂದು ಪ್ರಶ್ನೆ ಕೇಳಿ: "ಅದು ತಗೊಂಡರೆ ನಿನಗೆ ಏನು ಸಿಗುತ್ತೆ ಅನ್ನಿಸ್ತಿದೆ, ಮಗಾ?" ಕೇಳಿ ಸುಮ್ಮನಿರಿ. "ದಿನಾ ಮಾತ್ರೆ ನುಂಗಿ ಸಾಕಾಗಿದೆ" ಅನ್ನಬಹುದು. "ಮರಗಟ್ಟಿದ ಹಾಗಿದೆ, ಅಳೂನೂ ಬರಲ್ಲ, ನಗೂನೂ ಬರಲ್ಲ" ಅನ್ನಬಹುದು. ಇದು ಖಿನ್ನತೆಯ ಮಾತ್ರೆಗಳ ಪರಿಚಿತ ಅಡ್ಡಪರಿಣಾಮ, ಡೋಸ್ ಇಳಿಸಿ ಅಥವಾ ಮಾತ್ರೆ ಬದಲಿಸಿ ಸರಿಪಡಿಸಲು ಬರುತ್ತದೆ. ಏನೂ ಹೇಳದೆ ತಲೆ ತಗ್ಗಿಸಬಹುದು. ಈ ಮಾತ್ರೆಗಳಿಂದ ಲೈಂಗಿಕ ತೊಂದರೆ ಬರುವುದು ತುಂಬ ಸಾಮಾನ್ಯ, 26ರ ಹುಡುಗ ಅದನ್ನು ತಾಯಿಯ ಮುಂದೆ ಹೇಗೆ ಹೇಳಿಯಾನು? ಆದ್ದರಿಂದ ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಹತ್ತು ನಿಮಿಷ ಅವನೊಬ್ಬನನ್ನೇ ಒಳಗೆ ಬಿಟ್ಟು ನೀವಿಬ್ಬರೂ ಹೊರಗೆ ಕೂತಿರಿ. "ಇನ್ಯಾವ ದಾರಿಯೂ ಉಳಿದಿಲ್ಲ, ಇದೇ ಕೊನೇದು" ಅಂದರೆ ಮಾತ್ರ ಮುಂದಿನ ಸಲದ ತನಕ ಕಾಯಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಅನ್ನುವುದು ತಪ್ಪು ನಂಬಿಕೆ. ಹೌದು ಅಂದರೆ ಒಬ್ಬನೇ ಬಿಡಬೇಡಿ. ತೋಟಕ್ಕೆ ಹೊಡೆಯುವ ಔಷಧಿಗಳನ್ನು ಅವತ್ತೇ ಬೀಗ ಹಾಕಿದ ಜಾಗಕ್ಕೆ ಸಾಗಿಸಿ. 14416ಕ್ಕೆ ಫೋನು ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಇರುತ್ತಾರೆ.

ಇನ್ನೊಂದು ಕೆಲಸ ಇದೆ, ಇದನ್ನು ಬಹಳ ಮನೆಗಳಲ್ಲಿ ಯಾರೂ ಮಾಡಿರುವುದಿಲ್ಲ. ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಇಲ್ಲಿಯವರೆಗಿನ ಪ್ರತಿ ಮಾತ್ರೆಯ ಹೆಸರು, ಎಷ್ಟು ಮಿ.ಗ್ರಾಂ, ಶುರುವಾದ ತಾರೀಕು, ನಿಲ್ಲಿಸಿದ ತಾರೀಕು, ನಿಲ್ಲಿಸಿದ್ದೇಕೆ ಎಂದು ಬರೆಯಿರಿ. ಹಳೆಯ ಚೀಟಿಗಳು ಬೀರುವಿನಲ್ಲಿ ಎಲ್ಲೋ ಇರುತ್ತವೆ. "ಮಾತ್ರೆಗೆ ಬಗ್ಗದ ಖಿನ್ನತೆ" ಎಂದು ವೈದ್ಯರು ಕರೆಯುವುದು, ಕನಿಷ್ಠ ಎರಡು ಬೇರೆ ಬೇರೆ ಮಾತ್ರೆಗಳನ್ನು ಸರಿಯಾದ ಡೋಸಿನಲ್ಲಿ ಆರು ವಾರದಷ್ಟಾದರೂ ತಪ್ಪದೆ ಕೊಟ್ಟೂ ಫಲ ಸಿಗದಿದ್ದಾಗ. ಎಸಿಟಲೋಪ್ರಾಮ್ 5 ಮಿ.ಗ್ರಾಂನಲ್ಲೇ ಎರಡು ವರ್ಷ ಕಳೆದಿದ್ದರೆ ಅದನ್ನು ಸೋತ ಮಾತ್ರೆ ಎನ್ನಲಾಗದು. ಸಾಮಾನ್ಯ ಡೋಸ್ 10ರಿಂದ 20. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಮಾತ್ರೆ ತಪ್ಪಿದ್ದರೆ ಅದನ್ನೂ ಬರೆಯಿರಿ. ಜೊತೆಗೆ ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ಪರೀಕ್ಷೆ ಆಗಿದೆಯೇ, ಕುಡಿತ ಇದೆಯೇ, ಮಾತಿನ ಚಿಕಿತ್ಸೆ ಒಮ್ಮೆಯಾದರೂ ಸಿಕ್ಕಿದೆಯೇ ನೋಡಿ. ಈ ಹಾಳೆ ಹಿಡಿದು ಹಾಸನದ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋದರೆ ಅರ್ಧ ಗಂಟೆಯ ಕೆಲಸ ಐದು ನಿಮಿಷಕ್ಕೆ ಆಗುತ್ತದೆ.

ಕೊನೆಯದಾಗಿ ಅಣಬೆ. ಮಳೆಗಾಲದಲ್ಲಿ ಮಲೆನಾಡಿನ ತೋಟದಲ್ಲೆಲ್ಲ ಅಣಬೆ ಏಳುತ್ತದೆ. ಮೊಬೈಲಿನ ಫೋಟೊ ಹಿಡಿದು ಹುಡುಕುವ ಯೋಚನೆ ಅವನಿಗಿದ್ದರೆ ಇದನ್ನು ಓದಿ ಹೇಳಿ: ನಾಯಿಕೊಡೆಗಳಲ್ಲಿ ಯಕೃತ್ತನ್ನು ಕೊಲ್ಲುವ ಜಾತಿಗಳಿವೆ. ತಿಂದು ಆರು ಗಂಟೆ, ಹನ್ನೆರಡು ಗಂಟೆ ಏನೂ ಆಗುವುದಿಲ್ಲ. ಆಮೇಲೆ ವಾಂತಿ ಭೇದಿ. ಮಾರನೆಯ ದಿನ ಸುಧಾರಿಸಿದ ಹಾಗೆ ಕಾಣುತ್ತದೆ. ಮೂರನೆಯ, ನಾಲ್ಕನೆಯ ದಿನ ಕಾಮಾಲೆ ಏರುತ್ತದೆ, ಆಗ ವೈದ್ಯರ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಕುದಿಸಿದರೂ ಆ ವಿಷ ಹೋಗದು. ಯಾರಾದರೂ ತಿಂದಿದ್ದರೆ ವಾಂತಿಗೆ ಕಾಯದೆ ಹೊರಡಿ, ಉಳಿದ ತುಂಡನ್ನು ಕಾಗದದಲ್ಲಿ ಸುತ್ತಿ ಜೊತೆಗೆ ಒಯ್ಯಿರಿ.

ಪ್ರಶ್ನೆ: ನಮ್ಮಣ್ಣನಿಗೆ ಬೈಪೋಲಾರ್ ಕಾಯಿಲೆ (ಒಮ್ಮೆ ಉನ್ಮಾದ, ಒಮ್ಮೆ ಖಿನ್ನತೆ), ಲಿಥಿಯಂ ತಗೊಳ್ತಾನೆ. ಸ್ನೇಹಿತರ ಜೊತೆ ಹೋಂಸ್ಟೇಗೆ ಹೋದಾಗ ನಾಲಿಗೆ ಮೇಲೆ ಇಡೋ ಕಾಗದದ ಚೂರು ಕೊಟ್ಟರಂತೆ, ಇವನು ತಗೊಳ್ಳಲಿಲ್ಲವಂತೆ. "ಮುಂದಿನ ಸಲ ಟ್ರೈ ಮಾಡ್ತೀನಿ, ಅದು ಮೆಂಟಲ್ ಹೆಲ್ತ್‌ಗೆ ಒಳ್ಳೇದು" ಅಂತಾನೆ. — ತಮ್ಮ, ಅರಸೀಕೆರೆ

ಉತ್ತರ: ಬೇಡ. ಇದನ್ನು ನಾವು ಖಡಾಖಂಡಿತವಾಗಿಯೇ ಹೇಳುತ್ತೇವೆ. ಆ ಕಾಗದದ ಚೂರು ಬಹುಶಃ ಎಲ್‌ಎಸ್‌ಡಿ. ಲಿಥಿಯಂ ತೆಗೆದುಕೊಳ್ಳುವವರು ಎಲ್‌ಎಸ್‌ಡಿ ಅಥವಾ ಸೈಲೊಸೈಬಿನ್ ತೆಗೆದುಕೊಂಡಾಗ ಫಿಟ್ಸ್ ಬಂದ ವರದಿಗಳಿವೆ. ಹಾಗಂತ ಅದಕ್ಕಾಗಿ ಲಿಥಿಯಂ ಬಿಟ್ಟರೆ ಇನ್ನೂ ಕೆಡುತ್ತದೆ: ತಟ್ಟನೆ ನಿಲ್ಲಿಸಿದವರಲ್ಲಿ ಉನ್ಮಾದ ಮರುಕಳಿಸುವುದು ಹೆಚ್ಚು, ಆತ್ಮಹತ್ಯೆಯ ಅಪಾಯವೂ ಹೆಚ್ಚು. "ಮೆಂಟಲ್ ಹೆಲ್ತ್‌ಗೆ ಒಳ್ಳೇದು" ಎಂದು ತೋರಿಸಿದ ದೊಡ್ಡ ಅಧ್ಯಯನಗಳಲ್ಲಿ ಬೈಪೋಲಾರ್ ಇದ್ದವರನ್ನು ಸೇರಿಸಿಕೊಂಡೇ ಇಲ್ಲ. ಅಂದರೆ ಆ ಒಳ್ಳೆಯ ಸುದ್ದಿ ಅಣ್ಣನ ಬಗ್ಗೆ ಅಲ್ಲ. ಅವನಿಗೆ ಇದೇ ಮಾತಿನಲ್ಲಿ ಹೇಳಿ.

ಒಂದು ವೇಳೆ ತೆಗೆದುಕೊಂಡೇಬಿಟ್ಟರೆ: ಎಲ್‌ಎಸ್‌ಡಿಯ ಪರಿಣಾಮ ಎಂಟರಿಂದ ಹನ್ನೆರಡು ಗಂಟೆ ಇರುತ್ತದೆ. ದೀಪ ಮಬ್ಬು ಮಾಡಿ, ಟಿವಿ ಆರಿಸಿ, ಒಬ್ಬರೇ ಮೆಲ್ಲಗೆ ಮಾತಾಡಿ. ನಾಲ್ಕು ಜನ ಸುತ್ತ ನಿಂತು ಗದರುವುದು, ಕಟ್ಟಿಹಾಕುವುದು ಬೇಡ. ಫಿಟ್ಸ್ ಬಂದರೆ ಎಡಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿಕೊಳ್ಳಿ, 108ಕ್ಕೆ ಕರೆ ಮಾಡಿ. ಕೈಗೆ ಬೀಗದ ಕೈ, ಬಾಯಿಗೆ ಚಮಚ, ಮೂಗಿಗೆ ಈರುಳ್ಳಿ ಯಾವುದೂ ಬೇಡ. ಐದು ನಿಮಿಷ ದಾಟಿದರೆ ಅಪಾಯ. ಆಸ್ಪತ್ರೆಯಲ್ಲಿ "ಏನೋ ತಿಂದಿದ್ದ" ಎಂದು ಮುಚ್ಚಿಡಬೇಡಿ. "ಲಿಥಿಯಂ ಇಷ್ಟು ಮಿ.ಗ್ರಾಂ, ಇಂಥದ್ದನ್ನು ಇಷ್ಟು ಹೊತ್ತಿಗೆ" ಎಂದು ಬಿಡಿಸಿ ಹೇಳಿ, ಪೊಲೀಸರ ಭಯಕ್ಕೆ ಸುಳ್ಳು ಹೇಳಿದರೆ ವೈದ್ಯರು ಕತ್ತಲಲ್ಲಿ ಮದ್ದು ಕೊಡಬೇಕಾಗುತ್ತದೆ. ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ದಾಖಲೆ) ಬರೆದುಕೊಂಡರೂ ಚಿಕಿತ್ಸೆ ನಿಲ್ಲುವುದಿಲ್ಲ. ವಾಂತಿ ಆಗಿದ್ದರೆ ಲಿಥಿಯಂ ಮಟ್ಟ ರಕ್ತದಲ್ಲಿ ಏರಬಹುದು, ಆ ಪರೀಕ್ಷೆಯನ್ನು ಕೇಳಿ. ನಂತರದ ವಾರದಲ್ಲಿ ಎರಡು ರಾತ್ರಿ ನಿದ್ದೆ ಇಲ್ಲದೆಯೂ ಆಯಾಸ ಇಲ್ಲದಿದ್ದರೆ ಉನ್ಮಾದ ಶುರುವಾಗಿದೆ ಎಂದೇ ತಿಳಿದು ಡಾಕ್ಟರ ಬಳಿ ಹೋಗಿ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ, 38 ವರ್ಷ. ಆರು ವರ್ಷದಿಂದ ಖಿನ್ನತೆ, ಮೂರು ಬಗೆಯ ಮಾತ್ರೆ ಆಯಿತು. ಬೆಂಗಳೂರಿನ ಮನೋವೈದ್ಯರು ಕೆಟಮಿನ್ ಡ್ರಿಪ್ ಆರು ಸಲ, ಇಲ್ಲವೇ ಇಸಿಟಿ (ತಲೆಗೆ ಕರೆಂಟ್ ಕೊಡುವ ಚಿಕಿತ್ಸೆ) ಎಂದಿದ್ದಾರೆ. ನಮ್ಮೆಜಮಾನರು ನೆಟ್‌ನಲ್ಲಿ ನೋಡಿ "ಇದು ಪಾರ್ಟಿ ಡ್ರಗ್" ಅಂತಾರೆ. ಅತ್ತೆಯವರು "ದನದ ಡಾಕ್ಟರು ಕೊಡೋ ಇಂಜೆಕ್ಷನ್ನು" ಅಂತಾರೆ. ಕರೆಂಟ್ ಕೊಡೋದಕ್ಕಂತೂ ಯಾರೂ ಒಪ್ಪಲ್ಲ. ನನಗೆ ಬದುಕಬೇಕು ಅನ್ನೋ ಆಸೆ ಇನ್ನೂ ಇದೆ. — ಚಿಕ್ಕಮಗಳೂರು

ಉತ್ತರ: ಆ ಕೊನೆಯ ವಾಕ್ಯವನ್ನು ನಿಮ್ಮ ಯಜಮಾನರಿಗೆ ಓದಿ ಹೇಳಿ. ನಾವು ಬರೆಯುವ ಯಾವ ಅಂಕಿಗಿಂತಲೂ ಅವರು ಕೇಳಬೇಕಾದದ್ದು ಅದು.

ಅತ್ತೆಯವರು ಹೇಳಿದ್ದು ಸರಿ, ಪಶುವೈದ್ಯರೂ ಕೆಟಮಿನ್ ಬಳಸುತ್ತಾರೆ. ಯಜಮಾನರು ಹೇಳಿದ್ದೂ ಸರಿ, ಅದರ ದುರ್ಬಳಕೆ ಇದೆ. ಆದ್ದರಿಂದಲೇ ಅದನ್ನು ಎನ್‌ಡಿಪಿಎಸ್ ಪಟ್ಟಿಗೂ ಬಿಗಿ ನಿಯಂತ್ರಣದ ಔಷಧಿಗಳ ಪಟ್ಟಿಯಾದ ಷೆಡ್ಯೂಲ್ ಎಕ್ಸ್‌ಗೂ ಸೇರಿಸಿದ್ದಾರೆ. ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ಹಾಗೆಯೇ ಅದು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಇದೆ. ವ್ಯತ್ಯಾಸ ಇರುವುದು ಪ್ರಮಾಣದಲ್ಲಿ, ಪಕ್ಕದಲ್ಲಿ ಯಾರಿದ್ದಾರೆ ಎನ್ನುವುದರಲ್ಲಿ.

ಖಿನ್ನತೆಗೆ ಕೊಡುವುದು ಮೈತೂಕದ ಕೆಜಿಗೆ 0.5 ಮಿ.ಗ್ರಾಂ. ನೀವು 60 ಕೆಜಿ ಇದ್ದರೆ 30 ಮಿ.ಗ್ರಾಂ, ಸಲೈನಿನಲ್ಲಿ ಬೆರೆಸಿ, ಪಂಪ್ ಇಟ್ಟು, 40 ನಿಮಿಷದಲ್ಲಿ. ಅರಿವಳಿಕೆಗೆ ಸಾಮಾನ್ಯವಾಗಿ ಕೆಜಿಗೆ 1ರಿಂದ 2 ಮಿ.ಗ್ರಾಂ ಅನ್ನು ಒಂದೆರಡು ನಿಮಿಷದಲ್ಲೇ ಕೊಡುತ್ತಾರೆ. ನಿಮಗೆ ಅಷ್ಟು ಬೇಡ, ಪ್ರಜ್ಞೆ ತಪ್ಪುವುದಿಲ್ಲ. ಸಾಮಾನ್ಯವಾಗಿ ವಾರಕ್ಕೆ ಎರಡರಂತೆ ಮೂರು ವಾರ. ಭಾರತದಲ್ಲಿ ಕೆಟಮಿನ್‌ಗೆ ಅನುಮತಿ ಇರುವುದು ಅರಿವಳಿಕೆಗಾಗಿ. ಖಿನ್ನತೆಗೆ ಕೊಡುವುದು ವೈದ್ಯರು ತಮ್ಮ ವಿವೇಚನೆಯ ಮೇಲೆ ಮಾಡುವ ಬಳಕೆ. ಒಪ್ಪಿಗೆ ಪತ್ರದಲ್ಲಿ ಆ ಮಾತು ಬರೆದಿರಬೇಕು. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಆ ದಿನ: ಬೆಳಿಗ್ಗೆ ತಿಂಡಿ ಬೇಡ. ಗಟ್ಟಿ ಆಹಾರ ಆರು ಗಂಟೆ ಮೊದಲು, ನೀರು ಎರಡು ಗಂಟೆ ಮೊದಲು ನಿಲ್ಲಬೇಕು. "ಒಂದು ಇಡ್ಲಿ ತಾನೆ" ಎಂದು ಅತ್ತೆಯವರು ಪ್ರೀತಿಯಿಂದ ತಿನ್ನಿಸಿದ್ದೇ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿಯಬಹುದು. ಬಿಪಿ ಮಾತ್ರೆ ಇದ್ದರೆ ತಪ್ಪಿಸಬೇಡಿ, ಯಾವ ಹೊತ್ತಿಗೆ ಎಂದು ಕೇಳಿಕೊಳ್ಳಿ. ನಿದ್ದೆಗೆಂದು ಕ್ಲೊನಜೆಪಾಮ್ ಜಾತಿಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ, ಅದು ಕೆಟಮಿನ್ ಫಲವನ್ನು ತಗ್ಗಿಸಬಹುದು, ನೀವಾಗಿ ನಿಲ್ಲಿಸಬೇಡಿ. ಗರ್ಭಿಣಿಯಾಗಿರುವ ಸಾಧ್ಯತೆ ಇದ್ದರೆ ಪರೀಕ್ಷೆ ಮಾಡಿಸಿ ಹೋಗಿ.

ಡ್ರಿಪ್ ಶುರುವಾಗಿ ಹತ್ತು ಹದಿನೈದು ನಿಮಿಷಕ್ಕೆ ತುಟಿ ಜೋಮು ಹಿಡಿದ ಹಾಗೆ ಆಗುತ್ತದೆ. ಸೀಲಿಂಗ್ ಫ್ಯಾನ್ ದೂರ ಹೋದಂತೆ, ಹಾಸಿಗೆಯ ಮೇಲಿರುವ ಕೈ ತನ್ನದಲ್ಲ ಅನ್ನಿಸುವಂತೆ, ಪಕ್ಕದವರ ಮಾತು ಬಾವಿಯೊಳಗಿಂದ ಬಂದಂತೆ. ಮೊದಲೇ ಹೇಳದಿದ್ದರೆ ಇದೇ "ನನಗೆ ಹುಚ್ಚು ಹಿಡಿಯುತ್ತಿದೆ" ಎನ್ನುವ ಗಾಬರಿಯಾಗುತ್ತದೆ. 40 ನಿಮಿಷದ ಹೊತ್ತಿಗೆ ಅದು ತುದಿ ಮುಟ್ಟುತ್ತದೆ, ಹೆಚ್ಚಿನವರಲ್ಲಿ ಎರಡು ಗಂಟೆಯೊಳಗೆ ಇಳಿದಿರುತ್ತದೆ. ಬಿಪಿ ಏರುವುದು ಸಾಮಾನ್ಯ, ಆದ್ದರಿಂದ ಆಗಾಗ ನೋಡುತ್ತಿರಬೇಕು. ನಿಮ್ಮ ಯಜಮಾನರು ಪಕ್ಕದಲ್ಲಿ ಕೂರಬಹುದೇ ಎನ್ನುವುದು ಆಸ್ಪತ್ರೆಯ ನಿಯಮಕ್ಕೆ ಬಿಟ್ಟದ್ದು; ಕೂರಲು ಬಿಟ್ಟರೆ ಅವರ ಕೆಲಸ ಒಂದೇ, ಸುಮ್ಮನೆ ಇರುವುದು. "ಹೇಗಿದೆ, ಏನಾಗ್ತಿದೆ" ಎಂದು ಐದೈದು ನಿಮಿಷಕ್ಕೆ ಕೇಳಬಾರದು, ಮೊಬೈಲು ಜೇಬಿನಲ್ಲಿರಲಿ. ಕೈ ಹಿಡಿಯಬೇಕೇ ಬೇಡವೇ ಎಂದು ಮೊದಲೇ ನೀವು ಹೇಳಿರಿ, ಆ ಹೊತ್ತಿನಲ್ಲಿ ಹೇಳಲು ಆಗದಿರಬಹುದು.

ಅವತ್ತು ಗಾಡಿ ಓಡಿಸುವಂತಿಲ್ಲ, ಒಲೆಯ ಮುಂದೆ ನಿಲ್ಲುವುದೂ ಬೇಡ, ಯಾವ ಕಾಗದಕ್ಕೂ ಸಹಿ ಬೇಡ. ಬೆಂಗಳೂರಿನಿಂದ ಅದೇ ದಿನ ಬಸ್ಸಿನಲ್ಲಿ ಹಿಂದಿರುಗುವ ಯೋಚನೆ ಬಿಡಿ, ತಲೆಸುತ್ತು ವಾಕರಿಕೆಯಲ್ಲಿ ಐದಾರು ಗಂಟೆಯ ಪ್ರಯಾಣ ಹಿಂಸೆ. ಮೂರು ವಾರ ನೆಂಟರ ಮನೆಯಲ್ಲಿ ಉಳಿಯುವುದಾದರೆ ದಸರೆ ಅಥವಾ ಬೇಸಿಗೆ ರಜೆಗೆ ಹೊಂದಿಸಲು ಬರುತ್ತದೆಯೇ ಕೇಳಿ. ಆದರೆ ಸಾಯುವ ಯೋಚನೆ ಇದ್ದರೆ ರಜೆಗೆ ಕಾಯಬೇಡಿ.

ಎಂಥ ಜಾಗಕ್ಕೆ ಹೋಗಬಾರದು? ಬಿಪಿ, ಹೃದಯದ ಬಗ್ಗೆ ಕೇಳದವರು, ಆಮ್ಲಜನಕವಾಗಲಿ ತುರ್ತಿಗೆ ತಯಾರಿರುವ ವೈದ್ಯರಾಗಲಿ ಇಲ್ಲದವರು, ಮೊದಲೇ ಹತ್ತು ಡ್ರಿಪ್ಪಿನ ಪ್ಯಾಕೇಜ್ ಕಟ್ಟಿಸಿಕೊಳ್ಳುವವರು, ಮನೆಗೆ ಕೊಟ್ಟು ಕಳಿಸುವವರು. ಆರು ಆದಮೇಲೆ ಮುಂದೇನು ಎಂದು ಹೇಳದವರ ಬಳಿಯೂ ಬೇಡ. ಏಕೆಂದರೆ ಕೆಟಮಿನ್‌ನ ದೊಡ್ಡ ದೋಷ ಅದೇ. 2013ರ ಒಂದು ಅಧ್ಯಯನದಲ್ಲಿ ಒಂದು ಡೋಸಿನ ಮಾರನೆಯ ದಿನ ನೂರಕ್ಕೆ 64 ಜನರಿಗೆ ಗುಣ ಕಂಡಿತು, ಹೋಲಿಕೆಗೆ ಕೊಟ್ಟ ನಿದ್ರಾಜನಕದಲ್ಲಿ 28 ಜನರಿಗೆ. ಆದರೆ ಒಂದು ಡೋಸಿನ ಫಲ ಬಹಳ ಜನರಲ್ಲಿ ಒಂದೆರಡು ವಾರದಲ್ಲಿ ಕರಗುತ್ತದೆ. ಆಗ "ಇದೂ ಕೈಕೊಟ್ಟಿತು" ಎನ್ನುವ ಹತಾಶೆ ಬರುತ್ತದೆ. ಮನೆಯವರು ಕಣ್ಣಿಟ್ಟು ನೋಡಬೇಕಾದ ದಿನಗಳು ಡ್ರಿಪ್ಪಿನ ದಿನಗಳಿಗಿಂತ ಇವೇ. ಯಜಮಾನರು ದಿನಾ ರಾತ್ರಿ ಒಂದು ಸಾಲು ಬರೆಯಲಿ: ನಿದ್ದೆ ಎಷ್ಟು, ಊಟ ಹೇಗೆ, ತಾನಾಗಿ ಸ್ನಾನಕ್ಕೆ ಎದ್ದರೇ, ಮಕ್ಕಳ ಜೊತೆ ಮಾತಾಡಿದರೇ, ಬದುಕು ಬೇಡ ಎಂದರೇ. ಮೂರು ವಾರದ ಆ ಸಾಲುಗಳನ್ನು ನೋಡಿದರೆ ಫಲ ಇದೆಯೋ ಇಲ್ಲವೋ ಡಾಕ್ಟರಿಗೆ ತಿಳಿಯುತ್ತದೆ. ತಿಂಗಳುಗಟ್ಟಲೆ ಮುಂದುವರಿದರೆ ಮೂತ್ರ ಉರಿ, ಪದೇ ಪದೇ ಹೋಗಬೇಕೆನ್ನಿಸುವುದು ಕಂಡರೆ ಹೇಳಿ. ಹೆಚ್ಚು ಬಳಸಿದವರಲ್ಲಿ ಮೂತ್ರಕೋಶ ಕೆಡುತ್ತದೆ. ಹಳೆಯ ಮಾತ್ರೆಯನ್ನು ನೀವಾಗಿ ನಿಲ್ಲಿಸಬಾರದು.

ಇಸಿಟಿ ಬಗ್ಗೆ ಮನೆಯವರ ಭಯ ಹಳೆಯ ಸಿನಿಮಾಗಳದ್ದು. ಈಗ ಅರಿವಳಿಕೆ, ಸ್ನಾಯು ಸಡಿಲಿಸುವ ಮದ್ದು ಕೊಟ್ಟು ಮಾಡುತ್ತಾರೆ. ಇವೆರಡೂ ಇಲ್ಲದೆ ಮಾಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ನಿಷೇಧಿಸಿದೆ. ಸಾಮಾನ್ಯವಾಗಿ ವಾರಕ್ಕೆ ಎರಡು ಮೂರರಂತೆ ಆರರಿಂದ ಹನ್ನೆರಡು. ಕೆಲವು ವಾರ ಮರೆವು ಕಾಡುತ್ತದೆ, ಕೆಲವರಿಗೆ ಹಳೆಯ ಕೆಲವು ನೆನಪು ಮರಳುವುದಿಲ್ಲ. ಪಾಠ ಮಾಡುವ ನಿಮಗೆ ಇದು ದೊಡ್ಡ ವಿಷಯ, ಕೇಳಿಯೇ ನಿರ್ಧರಿಸಿ. ಎರಡರಲ್ಲಿ ಯಾವುದು ಮೇಲು? 2023ರಲ್ಲಿ ಅಮೆರಿಕದ ಅಧ್ಯಯನದಲ್ಲಿ ಕೆಟಮಿನ್ ಪಡೆದವರಲ್ಲಿ ನೂರಕ್ಕೆ 55, ಇಸಿಟಿ ಪಡೆದವರಲ್ಲಿ 41 ಜನ ಸುಧಾರಿಸಿದರು. 2022ರ ಸ್ವೀಡನ್ ಅಧ್ಯಯನದಲ್ಲಿ ತಿರುಗುಮುರುಗು: ಇಸಿಟಿಯಲ್ಲಿ 63, ಕೆಟಮಿನ್‌ನಲ್ಲಿ 46 ಜನರಿಗೆ ರೋಗ ಬಿಟ್ಟಿತು. ಅಮೆರಿಕದಲ್ಲಿ ಭ್ರಮೆ ಇರುವ ಖಿನ್ನತೆಯವರನ್ನು ಬಿಟ್ಟಿದ್ದರು, ಸ್ವೀಡನ್ನಿನವರು ಆಸ್ಪತ್ರೆಯಲ್ಲಿ ದಾಖಲಾಗಿದ್ದವರನ್ನು ತೆಗೆದುಕೊಂಡಿದ್ದರು. ನಡೆದಾಡಿಕೊಂಡು, ಶಾಲೆಗೆ ಹೋಗಿಕೊಂಡಿರುವ ನಿಮ್ಮಂಥವರಿಗೆ ಮೊದಲು ಕೆಟಮಿನ್ ನೋಡುವುದು ತಪ್ಪಲ್ಲ ಎಂದು ನಮ್ಮ ಅಭಿಪ್ರಾಯ. ಊಟ ನೀರು ಬಿಟ್ಟು ಮಲಗಿದವರಿಗೆ, ಕಿವಿಯಲ್ಲಿ ಮಾತು ಕೇಳುವವರಿಗೆ ಇಸಿಟಿಯೇ ಸರಿ.

ಪ್ರಶ್ನೆ: ಮೈಕ್ರೋಡೋಸಿಂಗ್ ಮಾಡಿದರೆ ಓದಿನಲ್ಲಿ ಗಮನ ಹೆಚ್ಚಾಗಿ ಮನಸ್ಸು ಹಗುರಾಗುತ್ತದಂತೆ? — ವಿದ್ಯಾರ್ಥಿ, ಹಾಸನ

ಉತ್ತರ: ಮೈಕ್ರೋಡೋಸಿಂಗ್ ಎಂದರೆ ಎಲ್‌ಎಸ್‌ಡಿ, ಸೈಲೊಸೈಬಿನ್‌ನಂಥವನ್ನು ಅಮಲೇರದಷ್ಟು ಚಿಕ್ಕ ಡೋಸಿನಲ್ಲಿ ಆಗಾಗ ತೆಗೆದುಕೊಳ್ಳುವುದು. 191 ಜನರಲ್ಲಿ ತಮಗೇ ಗೊತ್ತಾಗದಂತೆ ಕೆಲವರು ಪೊಳ್ಳು ಮಾತ್ರೆ, ಕೆಲವರು ನಿಜವಾದ ಚಿಕ್ಕ ಡೋಸ್, ಕೆಲವರು ಎರಡನ್ನೂ ತೆಗೆದುಕೊಂಡ ಅಧ್ಯಯನ 2021ರಲ್ಲಿ ಬಂತು. ಎರಡರಲ್ಲೂ ಮನಸ್ಸು ಸುಧಾರಿಸಿತು, ಪೊಳ್ಳು ಮಾತ್ರೆಗಿಂತ ನಿಜದ್ದು ಹೆಚ್ಚೇನೂ ಮಾಡಲಿಲ್ಲ. ಕಾನೂನಿನ ಅಪಾಯ ಮಾತ್ರ ಪೂರ್ತಿ ನಿಜ.

ಪ್ರಶ್ನೆ: ಯಜಮಾನರು ದಿನಾ ಕುಡಿಯುತ್ತಾರೆ, ಹನ್ನೊಂದು ವರ್ಷವಾಯ್ತು. ಖಿನ್ನತೆಗೂ ಮಾತ್ರೆ ಇದೆ. ಹೊರರಾಜ್ಯದಲ್ಲಿ ಒಂದು ಶಿಬಿರವಿದೆ, ದಕ್ಷಿಣ ಅಮೆರಿಕದ ಅಯಹುವಾಸ್ಕ ಎನ್ನುವ ಕಷಾಯ ಕುಡಿಸಿ ಎರಡು ರಾತ್ರಿಯಲ್ಲಿ ಕುಡಿತ ಬಿಡಿಸುತ್ತಾರೆ ಅಂತ ನಾದಿನಿ ಗಂಡ ಹೇಳಿದರು. ಹರಕೆ, ದಾರ ಎಲ್ಲ ಕಟ್ಟಿ ಆಗಿದೆ. ಕಳಿಸಲೇ? — ಕಡೂರು

ಉತ್ತರ: ಕಳಿಸಬೇಡಿ. ಆ ಕಷಾಯದಲ್ಲಿ ಎರಡು ಗಿಡಗಳ ರಸ. ಒಂದರಲ್ಲಿ ಇಲ್ಲದ್ದನ್ನು ಕಾಣಿಸುವ ಡಿಎಂಟಿ ಎನ್ನುವ ರಾಸಾಯನಿಕ ಇದೆ, ಅದೂ ನಮ್ಮ ಕಾನೂನಿನ ಪಟ್ಟಿಯಲ್ಲಿದೆ. ಇನ್ನೊಂದು, ಆ ಡಿಎಂಟಿ ಹೊಟ್ಟೆಯಲ್ಲಿ ಕರಗಿಹೋಗದಂತೆ ದೇಹದ ಒಂದು ಕಿಣ್ವವನ್ನು ತಡೆಯುತ್ತದೆ. ಖಿನ್ನತೆಯ ಮಾತ್ರೆ ಇರುವ ದೇಹದಲ್ಲಿ ಆ ಕಿಣ್ವ ತಡೆದರೆ ಸೆರೊಟೋನಿನ್ ಎನ್ನುವ ನರಗಳ ರಾಸಾಯನಿಕ ಮಿತಿಮೀರುತ್ತದೆ: ಜ್ವರ, ನಡುಕ, ಸ್ನಾಯು ಬಿಗಿತ, ಎದೆಬಡಿತ, ಕೆಲವೊಮ್ಮೆ ಸಾವು. ಶಿಬಿರದವರು ಅದಕ್ಕೇ "ಎರಡು ವಾರ ಮೊದಲೇ ಮಾತ್ರೆ ನಿಲ್ಲಿಸಿ" ಅನ್ನಬಹುದು. ಹಾಗೆ ತಟ್ಟನೆ ನಿಲ್ಲಿಸಿದರೆ ತಲೆಯೊಳಗೆ ಕರೆಂಟ್ ಹೊಡೆದಂತೆ ಝುಮ್ಮೆನ್ನುವುದು, ನಿದ್ದೆಗೇಡು, ರೇಗಾಟ, ಜೊತೆಗೆ ಖಿನ್ನತೆ ಮರುಕಳಿಸುವುದು. ಅದರ ಮೇಲೆ ದಿನಾ ಕುಡಿಯುವವರು ಒಮ್ಮೆಲೇ ಕುಡಿತ ನಿಲ್ಲಿಸಿದರೆ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡು ಮೂರನೆಯ ದಿನ ಕೈ ನಡುಗಿ, ಬೆವರಿ, ಇಲ್ಲದ್ದು ಕಾಣತೊಡಗಬಹುದು. ಕಾಡಿನ ಶಿಬಿರದಲ್ಲಿ ಇದನ್ನು "ದರ್ಶನ" ಎಂದು ತಿಳಿದರೆ ಗತಿಯೇನು?

ಕುಡಿತಕ್ಕೆ ಸೈಲೊಸೈಬಿನ್ ಬಳಸಿದ ಅಧ್ಯಯನ 2022ರಲ್ಲಿ ಬಂದಿದೆ, ಫಲ ಒಳ್ಳೆಯದೇ: ಮದ್ದು ಪಡೆದವರು ನೂರು ದಿನದಲ್ಲಿ ಸುಮಾರು 10 ದಿನ ಅತಿಯಾಗಿ ಕುಡಿದರು, ಪಡೆಯದವರು ಸುಮಾರು 24 ದಿನ. ಆದರೆ ಅವರೆಲ್ಲರಿಗೂ ಹನ್ನೆರಡು ಸಲ ಮಾತಿನ ಚಿಕಿತ್ಸೆ ಇತ್ತು. ನಿಮ್ಮವರಿಗೆ ಇಂದೇ ಸಿಗುವುದು ಬೇರೆ ಇದೆ. ಸರ್ಕಾರಿ ಆಸ್ಪತ್ರೆಗೆ ಒಂದು ವಾರ ದಾಖಲಿಸಿ, ಬಿ1 ಜೀವಸತ್ವದ ಇಂಜೆಕ್ಷನ್ ಜೊತೆಗೆ ಕುಡಿತ ಬಿಡಿಸಿ, ಆಮೇಲೆ ಕುಡಿಯುವ ಚಪಲ ತಗ್ಗಿಸುವ ನಾಲ್ಟ್ರೆಕ್ಸೋನ್‌ನಂಥ ಮಾತ್ರೆ ಮುಂದುವರಿಸುವುದು. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ಮಂಗಳವಾರ ಬರುತ್ತಾರೆ ಎಂದು ಮನೋಚೈತನ್ಯ ಕಾರ್ಯಕ್ರಮದ ಹೆಸರು ಹೇಳಿ ವಿಚಾರಿಸಿ. ಹರಕೆ ಇರಲಿ, ಅದಕ್ಕೂ ಇದಕ್ಕೂ ಜಗಳವಿಲ್ಲ.

ಪ್ರಶ್ನೆ: ಮಗಳಿಗೆ 24, ಸ್ಕಿಜೋಫ್ರೇನಿಯಾ. ಆಸ್ಟ್ರೇಲಿಯಾದಲ್ಲಿ ಈ ಚಿಕಿತ್ಸೆ ಕಾನೂನುಬದ್ಧವಂತೆ, ಅಲ್ಲಿ ನನ್ನ ತಮ್ಮನಿದ್ದಾನೆ. ತಂದೆಯಾಗಿ ನಾನು ಸಹಿ ಹಾಕಿದರೆ ಸಾಕೇ? — ನಿವೃತ್ತ ನೌಕರ, ಮೂಡಿಗೆರೆ

ಉತ್ತರ: ಆಸ್ಟ್ರೇಲಿಯಾದಲ್ಲಿ 2023ರ ಜುಲೈ 1ರಿಂದ ಅಧಿಕಾರ ಪಡೆದ ಮನೋವೈದ್ಯರು ಮಾತ್ರ, ಎರಡೇ ಕಾಯಿಲೆಗೆ ಬರೆಯಬಹುದು: ಆಘಾತದ ನಂತರದ ಪಿಟಿಎಸ್‌ಡಿಗೆ ಎಂಡಿಎಂಎ, ಮಾತ್ರೆಗೆ ಬಗ್ಗದ ಖಿನ್ನತೆಗೆ ಸೈಲೊಸೈಬಿನ್. ಸ್ಕಿಜೋಫ್ರೇನಿಯಾಕ್ಕೆ ಇಲ್ಲ. ಈ ಮದ್ದುಗಳು ತರಿಸುವುದೇ ಇಲ್ಲದ್ದನ್ನು ಕಾಣುವ, ಕೇಳುವ ಸ್ಥಿತಿ. ಅದೇ ಕಾಯಿಲೆ ಇರುವವರಿಗೆ ಕೊಟ್ಟರೆ ಕಾಯಿಲೆ ಕೆರಳುತ್ತದೆ. ತಂದೆ ತಾಯಿ, ಒಡಹುಟ್ಟಿದವರಿಗೆ ಆ ಕಾಯಿಲೆ ಇದ್ದವರನ್ನೂ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಬಿಡುತ್ತಾರೆ, ಆದ್ದರಿಂದ ನಿಮ್ಮ ಬೇರೆ ಮಕ್ಕಳಿಗೂ ಇದನ್ನು ತಿಳಿಸಿ. ಅಮೆರಿಕದಲ್ಲಂತೂ ಎಂಡಿಎಂಎ ಅರ್ಜಿಯನ್ನು 2024ರ ಆಗಸ್ಟಿನಲ್ಲಿ ಔಷಧ ನಿಯಂತ್ರಕರು ತಿರಸ್ಕರಿಸಿ ಇನ್ನೊಂದು ಅಧ್ಯಯನ ಕೇಳಿದರು. ಅದೇ ತಿಂಗಳು ಎಂಡಿಎಂಎ ಕುರಿತ ಮೂರು ಪ್ರಬಂಧಗಳನ್ನು ಒಂದು ವೈದ್ಯಕೀಯ ಪತ್ರಿಕೆ ಹಿಂತೆಗೆದುಕೊಂಡಿತು, ಒಂದು ಕೇಂದ್ರದಲ್ಲಿ ಚಿಕಿತ್ಸೆ ಕೊಡುವವರು ರೋಗಿಯೊಡನೆ ಮಿತಿ ಮೀರಿ ನಡೆದುಕೊಂಡ ಕಾರಣ ಸೇರಿದಂತೆ. ಮಗಳನ್ನು ದೂರ ದೇಶಕ್ಕೆ ಕಳಿಸುವ ತಂದೆ ಇದನ್ನೂ ತಿಳಿದಿರಬೇಕು. ಎರಡು ಮಾತ್ರೆ ಸೋತಿದ್ದರೆ ಕ್ಲೋಜಪಿನ್ ಎನ್ನುವ ಮಾತ್ರೆಯ ಬಗ್ಗೆ ಕೇಳಿ. ಮೊದಲ 18 ವಾರ ಪ್ರತಿ ವಾರ ರಕ್ತಪರೀಕ್ಷೆ ಬೇಕು ಎಂದು ಬಹಳ ಜನ ಹಿಂಜರಿಯುತ್ತಾರೆ, ಆದರೆ ಅದರಷ್ಟು ಕೆಲಸ ಮಾಡುವ ಮದ್ದು ಈ ಹಂತದಲ್ಲಿ ಇನ್ನೊಂದಿಲ್ಲ.

ಸಹಿಯ ಮಾತು. ಮಗಳಿಗೆ 18 ದಾಟಿದೆ. 2017ರ ಕಾಯ್ದೆಯ ಪ್ರಕಾರ, ವಿಷಯ ತಿಳಿದುಕೊಂಡು, ಪರಿಣಾಮ ಊಹಿಸಿ, ತನ್ನ ತೀರ್ಮಾನ ಹೇಳಬಲ್ಲವಳಾದರೆ ಒಪ್ಪಿಗೆ ಅವಳದೇ. ಕಾಯಿಲೆ ಇದೆ ಎಂದ ಮಾತ್ರಕ್ಕೆ ಆ ಹಕ್ಕು ತಂದೆಗೆ ಬರುವುದಿಲ್ಲ. ಅವಳು ಸುಧಾರಿಸಿರುವ ದಿನಗಳಲ್ಲಿ, ತನ್ನ ಪರವಾಗಿ ಮಾತಾಡುವವರು ಯಾರು ಎಂದು ಅವಳನ್ನೇ ಕೇಳಿ, ಬಿಳಿ ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿ. ಸ್ಟಾಂಪ್ ಪೇಪರ್ ಬೇಡ. ನಿಮ್ಮ ಬದಲು ಅಮ್ಮನ ಹೆಸರನ್ನೋ ಚಿಕ್ಕಮ್ಮನ ಹೆಸರನ್ನೋ ಬರೆದರೆ ಬೇಸರ ಮಾಡಿಕೊಳ್ಳಬೇಡಿ. ಯಾವಾಗ ಬೇಕಾದರೂ ಅವಳು ಹೆಸರು ಬದಲಿಸಬಹುದು. ಹಾಳೆಯ ಒಂದು ಜೆರಾಕ್ಸ್ ಆಸ್ಪತ್ರೆಯ ಫೈಲಿನಲ್ಲಿ, ಇನ್ನೊಂದು ಅವಳ ಮಾತ್ರೆಯ ಡಬ್ಬಿಯಲ್ಲಿ ಇರಲಿ.